ವಿಷಯ ಆಮೇಲೆ, ಮೊದಲು ಒಂದು ನೀರು: ನೀರಿನ ಗುಣಮಟ್ಟದ ಸಂಶೋಧನೆಗೆ ಬರುವವರಿಗೆ

ಪರಿಸರ ಎಂಜಿನಿಯರಿಂಗ್‌ನಲ್ಲಿ ಸಂಶೋಧನೆ ಮಾಡಬೇಕೆಂದು ನನ್ನ ಕೊಠಡಿಗೆ ಬರುವ ಹುಡುಗ ಹುಡುಗಿಯರು ಮೊದಲು ಕೇಳುವುದು ವಿಷಯದ ಬಗ್ಗೆ. ಮೈಕ್ರೊಪ್ಲಾಸ್ಟಿಕ್ ತೆಗೆದುಕೊಳ್ಳಲೇ, ನ್ಯಾನೊ ಪೊರೆಗಳೇ, ಈಗ ಯಾವುದಕ್ಕೆ ಬೇಡಿಕೆಯಿದೆ ಮೇಡಂ ಎನ್ನುತ್ತಾರೆ. ನಾನು ತಿರುಗಿ ಕೇಳುತ್ತೇನೆ: ನಿಮಗೆ ಚೆನ್ನಾಗಿ ಗೊತ್ತಿರುವ ನೀರು ಯಾವುದು? ಬಹಳಷ್ಟು ಮಂದಿ ಸುಮ್ಮನಾಗುತ್ತಾರೆ. ಆ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಬಂದವರು ಈ ವೃತ್ತಿಯಲ್ಲಿ ನಿಂತಿದ್ದಾರೆ, ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಒಂದು ಕೆರೆ, ಒಂದು ಹಳ್ಳ, ಒಂದು ಊರಿನ ಕೊಳವೆಬಾವಿಗಳು, ಯಾವುದಾದರೂ ಸರಿ, ಒಂದನ್ನು ಹಿಡಿಯಿರಿ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರವಿರಲಿ. ನೀರು ಎಲ್ಲಿಂದ ಬರುತ್ತದೆ, ತೂಬು ಎಲ್ಲಿದೆ, ಕೋಡಿ ಯಾವಾಗ ಬಿದ್ದಿತ್ತು, ರಾಜಕಾಲುವೆಗೆ ಯಾರ ಚರಂಡಿ ಸೇರುತ್ತದೆ, ಅಚ್ಚುಕಟ್ಟಿನಲ್ಲಿ ಈಗ ಏನು ಬೆಳೆಯುತ್ತಾರೆ, ಮೀನಿನ ಗುತ್ತಿಗೆ ಯಾರದು ಎಂಬುದನ್ನೆಲ್ಲ ತಿಳಿದುಕೊಳ್ಳಿ. ನೋಟ್‌ಬುಕ್ಕಿನಲ್ಲಿ ತಾರೀಕು, ಹೊತ್ತು, ಮಳೆ ಬಂದಿತ್ತೋ ಇಲ್ಲವೋ, ನೀರಿನ ಬಣ್ಣ, ವಾಸನೆ, ನೊರೆ, ಅಂತರಗಂಗೆ ಹಬ್ಬಿದ ಜಾಗ ಇಷ್ಟನ್ನು ಬರೆಯುತ್ತಾ ಹೋಗಿ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಆ ಪುಟಗಳಿಂದಲೇ ಪ್ರಶ್ನೆ ಎದ್ದು ಬರುತ್ತದೆ. ಗ್ರಂಥಾಲಯದಲ್ಲಿ ಕೂತು ಹುಡುಕಿದ ಪ್ರಶ್ನೆಗೂ ಹೀಗೆ ಎದ್ದ ಪ್ರಶ್ನೆಗೂ ಇರುವ ವ್ಯತ್ಯಾಸ ಸಂದರ್ಶನದ ಮೊದಲ ಐದು ನಿಮಿಷದಲ್ಲೇ ಕಾಣುತ್ತದೆ.

ನಮ್ಮಲ್ಲಿ ಪ್ರಶ್ನೆಗಳಿಗೆ ಬರವಿಲ್ಲ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿತ್ತು. ಹಲಸೂರು ಕೆರೆಯಲ್ಲಿ 2016ರ ಮಾರ್ಚ್‌ನಲ್ಲಿ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದವು. 2018ರಿಂದ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಕೆರೆಯಿಂದ ಕೆರೆಗೆ ಇಳಿಯುತ್ತಿದೆ. ಬತ್ತಿದ್ದ ಬೋರ್‌ವೆಲ್‌ಗಳಲ್ಲಿ ನೀರು ಬಂದಿದ್ದಕ್ಕೆ ರೈತರು ಸಂತೋಷಪಟ್ಟಿದ್ದಾರೆ. ಆದರೆ ಅದು ಎರಡನೇ ಹಂತದವರೆಗೆ, ಅಂದರೆ ಮುಖ್ಯವಾಗಿ ಸಾವಯವ ಕೊಳೆ ತೆಗೆಯುವವರೆಗೆ ಮಾತ್ರ ಶುದ್ಧೀಕರಿಸಿದ ನೀರು. ಅದರಲ್ಲಿ ಉಳಿದ ಸಾರಜನಕ, ರಂಜಕ ಹತ್ತು ಹದಿನೈದು ವರ್ಷಗಳಲ್ಲಿ ಕೆರೆಯ ಹೂಳಿನಲ್ಲಿ, ಅಂತರ್ಜಲದಲ್ಲಿ ಏನು ಮಾಡುತ್ತವೆ? ಇದನ್ನು ಬಿಡದೆ ಅಳೆಯುವವರು ಬೇಕು. ಒಬ್ಬ ಸಂಶೋಧಕರ ಇಡೀ ವೃತ್ತಿಜೀವನಕ್ಕೆ ಸಾಲುವಷ್ಟು ಕೆಲಸ ಆ ಒಂದು ಸರಪಳಿಯಲ್ಲಿದೆ.

ಒಂದೇ ನೀರನ್ನು ಹಿಡಿದು ಕೂತವರು ಏನು ಸಾಧಿಸಬಲ್ಲರು ಎನ್ನುವುದಕ್ಕೆ ತರಗತಿಯಲ್ಲಿ ನಾನು ಯಾವಾಗಲೂ ಕೊಡುವ ಉದಾಹರಣೆ ಕೆನಡಾದ್ದು. ಅಲ್ಲಿನ ಒಂಟಾರಿಯೊದ 226ನೇ ಸಂಖ್ಯೆಯ ಪುಟ್ಟ ಸರೋವರವನ್ನು 1973ರಲ್ಲಿ ಸರೋವರ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಅವರ ಸಂಗಡಿಗರು ಮಧ್ಯಕ್ಕೆ ಪ್ಲಾಸ್ಟಿಕ್ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ, ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಪಾಚಿ ಕಟ್ಟಿ ಹಸಿರಾಯಿತು, ಇನ್ನೊಂದು ಪಾಲು ತಿಳಿಯಾಗಿಯೇ ಉಳಿಯಿತು. ವಿಮಾನದಿಂದ ತೆಗೆದ ಆ ಒಂದು ಚಿತ್ರ, ಡಿಟರ್ಜೆಂಟ್‌ಗಳ ರಂಜಕಕ್ಕೆ ಕಡಿವಾಣ ಹಾಕಿಸುವ ವಾದಕ್ಕೆ ಎಷ್ಟೋ ಪುಟಗಳ ವರದಿಗಿಂತ ಹೆಚ್ಚಿನ ಬಲ ಕೊಟ್ಟಿತು.

ಓದು

ಸಿವಿಲ್ ಎಂಜಿನಿಯರಿಂಗ್ ಓದಿ, ಪರಿಸರ ಎಂಜಿನಿಯರಿಂಗ್‌ನಲ್ಲಿ ಎಂ.ಟೆಕ್. ಮಾಡಿ ಬರುವುದು ಹೆಚ್ಚಿನವರ ದಾರಿ. ಮೈಸೂರಿನ ಎಸ್‌ಜೆಸಿಇಯಲ್ಲಿ ಪರಿಸರ ಎಂಜಿನಿಯರಿಂಗ್‌ಗೇ ಪ್ರತ್ಯೇಕ ವಿಭಾಗವಿದೆ. ಸುರತ್ಕಲ್‌ನ ಎನ್‌ಐಟಿಕೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಮುಂಬೈ ಮತ್ತು ಮದ್ರಾಸ್ ಐಐಟಿಗಳು, ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ಎಲ್ಲರಿಗೂ ಗೊತ್ತಿರುವ ಹೆಸರುಗಳು. ರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಭೂವಿಜ್ಞಾನ ಅಥವಾ ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವರಿಗೂ ಈ ಬಾಗಿಲು ಮುಚ್ಚಿಲ್ಲ. ಕುವೆಂಪು ವಿಶ್ವವಿದ್ಯಾಲಯ, ಮೈಸೂರು ವಿಶ್ವವಿದ್ಯಾಲಯಗಳ ಪರಿಸರ ವಿಜ್ಞಾನ ವಿಭಾಗಗಳಿಂದ ಬಂದು ಒಳ್ಳೆಯ ಕೆಲಸ ಮಾಡಿದವರನ್ನು ನಾನು ಕಂಡಿದ್ದೇನೆ.

ಎಂ.ಟೆಕ್. ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2021ರಿಂದ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆಂದೇ ಒಂದು ಪತ್ರಿಕೆಯಿದೆ, ಅಂಕ ಮೂರು ವರ್ಷ ಚಾಲ್ತಿಯಲ್ಲಿರುತ್ತದೆ. ವಿಜ್ಞಾನದ ಕಡೆಯವರಿಗೆ ನೆಟ್, ಕೆ–ಸೆಟ್ ಅರ್ಹತಾ ಪರೀಕ್ಷೆಗಳಿವೆ. ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಇದು 2023ರಿಂದ ಜಾರಿಗೆ ಬಂದ ದರ. ಮನೆಬಾಡಿಗೆ ಭತ್ಯೆ ಬೇರೆ. ಫೆಲೋಶಿಪ್ ಇಲ್ಲದೆ ಪಿಎಚ್‌.ಡಿ.ಗೆ ಸೇರಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ, ಅದರಲ್ಲೂ ಮನೆಗೆ ದುಡ್ಡು ಕಳುಹಿಸಬೇಕಾದ ಮಕ್ಕಳಿಗೆ. ಹೊಟ್ಟೆಪಾಡಿಗೆ ಸಂಜೆ ಟ್ಯೂಷನ್ ಹೇಳುತ್ತಾ ಐದು ವರ್ಷ ಮಾದರಿ ಸಂಗ್ರಹಿಸುವುದು ಆಗುವ ಮಾತಲ್ಲ.

ನಿಮ್ಮಲ್ಲಿ ಏನು ಕೊರತೆಯಿದೆ ಎಂದು ನೋಡಿಕೊಂಡು ಅದನ್ನು ಮೊದಲ ವರ್ಷದಲ್ಲೇ ತುಂಬಿಕೊಳ್ಳಿ. ಎಂಜಿನಿಯರಿಂಗ್‌ನಿಂದ ಬಂದವರಿಗೆ ರಸಾಯನಶಾಸ್ತ್ರ ಕೈಕೊಡುತ್ತದೆ. ಬೈಕಾರ್ಬೊನೇಟ್ ಸಮತೋಲನ ಅರ್ಥವಾಗದೆ ಪಿಎಚ್ ಬಗ್ಗೆ ಮಾತನಾಡುತ್ತಾರೆ. ವಿಜ್ಞಾನದಿಂದ ಬಂದವರಿಗೆ ಹರಿವಿನ ಲೆಕ್ಕ ಬರುವುದಿಲ್ಲ. ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಹೇಳಿ ನಿಲ್ಲಿಸುತ್ತಾರೆ, ದಿನಕ್ಕೆ ಎಷ್ಟು ಕಿಲೋ ಕೆರೆಗೆ ಇಳಿಯಿತು ಎನ್ನುವುದನ್ನು ಕಟ್ಟಿಕೊಡಲಾರರು. ಅಮೆರಿಕದ ಓಹಾಯೊ ನದಿಯ ಅಧ್ಯಯನದಿಂದ 1925ರಲ್ಲಿ ಹುಟ್ಟಿದ ಸ್ಟ್ರೀಟರ್–ಫೆಲ್ಪ್ಸ್ ಸಮೀಕರಣವನ್ನು ಕಾಗದದ ಮೇಲೆ ಕೈಯಿಂದ ಬಿಡಿಸಿ. ಕೊಳಚೆ ಸೇರಿದ ಮೇಲೆ ನದಿಯ ಆಮ್ಲಜನಕ ಹೇಗೆ ಕುಸಿಯುತ್ತದೆ, ಎಷ್ಟು ದೂರ ಹರಿದ ಮೇಲೆ ಚೇತರಿಸಿಕೊಳ್ಳುತ್ತದೆ ಎಂಬುದು ಕೈಗೆ ಹತ್ತುತ್ತದೆ. ಸಾಫ್ಟ್‌ವೇರ್ ಆಮೇಲೆ ಕಲಿಯಬಹುದು. ಇಬ್ಬರೂ ಸಂಖ್ಯಾಶಾಸ್ತ್ರವನ್ನು ಬಿಡುವಂತಿಲ್ಲ. ಉಪಕರಣ ಹಿಡಿಯಲಾರದಷ್ಟು ಕಡಿಮೆ ಇರುವ ಲೋಹವನ್ನು ‘ಸೊನ್ನೆ’ ಎಂದು ಕೋಷ್ಟಕದಲ್ಲಿ ತುಂಬಿ ಸರಾಸರಿ ತೆಗೆಯುವುದನ್ನು ನಾನು ಎಷ್ಟೋ ಪ್ರಬಂಧಗಳಲ್ಲಿ ಕಂಡಿದ್ದೇನೆ. ಪತ್ತೆಯ ಮಿತಿಗಿಂತ ಕಡಿಮೆ ಎಂದೇ ಬರೆಯಬೇಕು. ಅಂಥ ಅಂಕಿಗಳನ್ನು ನಿಭಾಯಿಸಲು ಬೇರೆ ವಿಧಾನಗಳಿವೆ, ಕಲಿತುಕೊಳ್ಳಿ.

ಸೀಸೆ ಹಿಡಿಯುವುದು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೀವು ಪ್ರಾಧ್ಯಾಪಕರಾದ ಮೇಲೂ, ನಿಮ್ಮ ಕೈಕೆಳಗೆ ಹತ್ತು ವಿದ್ಯಾರ್ಥಿಗಳಿದ್ದಾಗಲೂ ನಿಮ್ಮ ಮಾತಿನ ಬೆಲೆ ನಿರ್ಧಾರವಾಗುವುದು ನೀರು ತುಂಬಿದ ಸೀಸೆಯಲ್ಲಿ. ಕೋಟಿ ರೂಪಾಯಿಯ ಯಂತ್ರವಿದ್ದರೂ ಕೆಟ್ಟ ಮಾದರಿಯಿಂದ ಒಳ್ಳೆಯ ಅಂಕಿ ಹೊರಡುವುದಿಲ್ಲ.

ಕೊಳವೆಬಾವಿಯ ನೀರಾದರೆ ಪಂಪ್ ಹಾಕಿದ ಕೂಡಲೇ ಹಿಡಿಯಬೇಡಿ. ಪೈಪಿನಲ್ಲಿ ನಿಂತ ನೀರು ಮೊದಲು ಬರುತ್ತದೆ. ವಿದ್ಯುತ್ ವಾಹಕತೆ ಮತ್ತು ತಾಪಮಾನದ ಅಂಕಿ ಸ್ಥಿರವಾಗುವವರೆಗೆ ಹರಿಯಲು ಬಿಡಿ. ಫ್ಲೋರೈಡ್‌ಗೆ ಪ್ಲಾಸ್ಟಿಕ್ ಸೀಸೆ. ಲೋಹಗಳಿಗೆ ತೆಗೆದಿರಿಸಿದ ಸೀಸೆಗೆ ನೈಟ್ರಿಕ್ ಆಮ್ಲ ಹಾಕಿ ಪಿಎಚ್ 2ಕ್ಕಿಂತ ಕೆಳಗಿಳಿಸಬೇಕು, ಇಲ್ಲವಾದರೆ ಲೋಹ ಸೀಸೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಪರೀಕ್ಷೆಗೆ ಕ್ರಿಮಿಶುದ್ಧ ಮಾಡಿದ ಸೀಸೆ. ನಲ್ಲಿ ನೀರಿನಲ್ಲಿ ಕ್ಲೋರಿನ್ ಇದ್ದರೆ ಸೀಸೆಯಲ್ಲಿ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಅದಿಲ್ಲದಿದ್ದರೆ ಪ್ರಯೋಗಾಲಯ ತಲುಪುವುದರೊಳಗೆ ಕ್ಲೋರಿನ್ ತನ್ನ ಕೆಲಸ ಮುಗಿಸಿರುತ್ತದೆ, ನೀರು ನಿರ್ಮಲವೆಂದು ವರದಿ ಬರುತ್ತದೆ. ಐಸ್ ಪೆಟ್ಟಿಗೆಯಿಲ್ಲದೆ ಕಾರು ಹತ್ತಬೇಡಿ.

ಕರಗಿದ ಆಮ್ಲಜನಕವನ್ನು ಈಗ ಮೀಟರ್‌ನಲ್ಲಿ ಅಳೆಯುತ್ತಾರೆ, ಅಳೆಯಲಿ. ಆದರೂ ನನ್ನ ವಿದ್ಯಾರ್ಥಿಗಳಿಗೆ ಕೆರೆಯ ದಂಡೆಯ ಮೇಲೆಯೇ ವಿಂಕ್ಲರ್ ವಿಧಾನ ಮಾಡಿಸುತ್ತೇನೆ. 300 ಮಿಲಿಲೀಟರ್‌ನ ಗಾಜಿನ ಸೀಸೆಗೆ ಗುಳ್ಳೆಯೇಳದಂತೆ ನೀರು ತುಂಬಿ, ಉಕ್ಕಿ ಹರಿಯಲು ಬಿಟ್ಟು, ಬಿರಡೆಯನ್ನು ಓರೆಯಾಗಿ ಇಳಿಸಿ ಮುಚ್ಚಬೇಕು. ಮತ್ತೆ ತೆರೆದು, ಪಿಪೆಟ್‌ನ ತುದಿಯನ್ನು ನೀರಿನೊಳಗೆ ಅದ್ದಿ 2 ಮಿಲಿಲೀಟರ್ ಮ್ಯಾಂಗನೀಸ್ ಸಲ್ಫೇಟ್, ಆಮೇಲೆ ಅಷ್ಟೇ ಕ್ಷಾರೀಯ ಅಯೋಡೈಡ್–ಅಜೈಡ್ ಬಿಡಬೇಕು. ಕೈಗವಸು ಇರಲಿ, ಅಜೈಡ್ ವಿಷ. ಮುಚ್ಚಿ ಅಡಿಮೇಲು ಮಾಡಿದರೆ, ನೀರಿನಲ್ಲಿ ಆಮ್ಲಜನಕವಿದ್ದಾಗ ಕಂದು ಬಣ್ಣದ ಮೋಡದಂತಹ ಗಷ್ಟು ಏಳುತ್ತದೆ. ಇಲ್ಲದಿದ್ದರೆ ಬೆಳ್ಳಗೇ ಉಳಿಯುತ್ತದೆ. ಗಷ್ಟು ಇಳಿದ ಮೇಲೆ ಗಂಧಕಾಮ್ಲ ಹಾಕಿದಾಗ ಅದು ಕರಗಿ, ಬಿಡುಗಡೆಯಾದ ಅಯೋಡಿನ್‌ನಿಂದ ನೀರು ಹಳದಿಯಾಗುತ್ತದೆ. ಇನ್ನು ಪ್ರಯೋಗಾಲಯಕ್ಕೆ ಒಯ್ಯಬಹುದು. ಅಲ್ಲಿ 0.025 ನಾರ್ಮಲ್ ಥಯೋಸಲ್ಫೇಟ್ ಅನ್ನು ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಟ್ಟು, ಬಣ್ಣ ಒಣಹುಲ್ಲಿನಷ್ಟು ತೆಳುವಾದಾಗ ಪಿಷ್ಟದ ದ್ರಾವಣ ಸೇರಿಸಿ, ನೀಲಿ ಮಾಯವಾಗುವ ಹನಿಯಲ್ಲಿ ನಿಲ್ಲಿಸಬೇಕು. ಮೂಲ ನೀರಿನ 200 ಮಿಲಿಲೀಟರ್‌ಗೆ ಸಮನಾದಷ್ಟು ತೆಗೆದುಕೊಂಡಿದ್ದರೆ, ಖರ್ಚಾದ ಒಂದೊಂದು ಮಿಲಿಲೀಟರ್ ಥಯೋಸಲ್ಫೇಟ್ ಲೀಟರಿಗೆ ಒಂದು ಮಿಲಿಗ್ರಾಂ ಆಮ್ಲಜನಕಕ್ಕೆ ಲೆಕ್ಕ.

ಇಷ್ಟು ಹಳೆಯ ಪದ್ಧತಿ ಏಕೆ ಎಂದು ಕೇಳುತ್ತಾರೆ. ಕೊಳಚೆ ಸೇರುವ ಜಾಗದಲ್ಲಿ ತುಂಬಿದ ಸೀಸೆಯಲ್ಲಿ ಆ ಗಷ್ಟು ಬೆಳ್ಳಗೇ ಉಳಿದದ್ದನ್ನು ಒಮ್ಮೆ ಕಣ್ಣಾರೆ ಕಂಡವರು ‘ಸೊನ್ನೆ ಆಮ್ಲಜನಕ’ ಎಂಬುದನ್ನು ಮತ್ತೆಂದೂ ಬರೀ ಅಂಕಿಯಾಗಿ ಓದುವುದಿಲ್ಲ. ಮೀಟರ್ ತಪ್ಪು ಹೇಳಿದಾಗ ಅನುಮಾನ ಬರುವುದೂ ಅಂಥವರಿಗೇ.

ಹೊತ್ತಿನ ವಿಷಯ ಇನ್ನೂ ಮುಖ್ಯ. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಲೀಟರಿಗೆ 12 ಮಿಲಿಗ್ರಾಂ ಆಮ್ಲಜನಕ ಸಿಗಬಹುದು. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿಯಲ್ಲಿ, ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳಬಲ್ಲದ್ದು ಸುಮಾರು ಏಳೂವರೆ ಮಾತ್ರ. ಮಿಕ್ಕಿದ್ದು ಬಿಸಿಲಿನಲ್ಲಿ ಪಾಚಿ ಉಗುಳಿದ್ದು. ಅದೇ ಪಾಚಿ ರಾತ್ರಿಯಿಡೀ ಉಸಿರಾಡಿ, ಸೂರ್ಯ ಹುಟ್ಟುವ ಮುಂಚೆ ಆಮ್ಲಜನಕವನ್ನು ತಳಕ್ಕೆ ಇಳಿಸಿರುತ್ತದೆ. ಇಂಥ ಕೆರೆಗಳಲ್ಲಿ ಮೀನುಗಳು ಬೆಳಗಿನ ಜಾವ ಸಾಯುವುದು ಇದರಿಂದ. ಕಚೇರಿ ವೇಳೆಯಲ್ಲಿ ಮಾತ್ರ ತೆಗೆದ ಮಾದರಿಗಳನ್ನು ನಂಬಿದರೆ ಕೆರೆ ಆರೋಗ್ಯವಾಗಿದೆ ಎಂದೇ ವರದಿಯಾಗುತ್ತದೆ. ಮೀನುಗಾರಿಕೆಗೆ ಯೋಗ್ಯವೆನ್ನಲು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣ ಕೇಳುವುದು ಕನಿಷ್ಠ 4 ಮಿಲಿಗ್ರಾಂ. ಮಧ್ಯಾಹ್ನ ಅದನ್ನು ದಾಟಿ, ಮುಂಜಾನೆ ನೆಲಕಚ್ಚುವ ಕೆರೆ ಯಾವ ವರ್ಗದ್ದು? ವಾರಕ್ಕೊಮ್ಮೆಯಾದರೂ ನಸುಕಿನಲ್ಲಿ ದಂಡೆಯ ಮೇಲಿರಿ. ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗಬೇಡಿ. ವಾಹನ ಮತ್ತು ಜೊತೆಗಾರರ ವೆಚ್ಚವನ್ನು ಯೋಜನೆಯ ಬಜೆಟ್‌ನಲ್ಲೇ ಸೇರಿಸಿ ಕೇಳಿ, ಸಂಕೋಚ ಬೇಡ.

ಊರಿನವರಿಂದ ಕಲಿಯುವುದು

ನಾನು ಪಾವಗಡದ ಕಡೆಯವಳು. ನನ್ನ ಜೊತೆ ಶಾಲೆಗೆ ಬರುತ್ತಿದ್ದವರಲ್ಲಿ ಫ್ಲೋರೈಡ್ ಹೆಚ್ಚಿರುವ ನೀರಿನಿಂದ ಹಲ್ಲಿನ ಮೇಲೆ ಮೂಡುವ ಕಂದು ಗೆರೆ ಇಲ್ಲದವರು ಕಡಿಮೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸೀಮೆ ಅದು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರು ಬಂಡೆಯ ಜೊತೆ ಹೆಚ್ಚು ಕಾಲ ಕಳೆದಿರುತ್ತದೆ. ಕ್ಯಾಲ್ಸಿಯಂ ಕಡಿಮೆ, ಸೋಡಿಯಂ ಮತ್ತು ಬೈಕಾರ್ಬೊನೇಟ್ ಹೆಚ್ಚು ಇರುವ ನೀರಿನಲ್ಲಿ ಫ್ಲೋರೈಡ್ ಕರಗಿ ಉಳಿಯುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇರಬಹುದು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು.

ಅಲ್ಲಿನ ಒಂದು ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿ ಒಂದೇ ನಲ್ಲಿಯಿಂದ ತಿಂಗಳು ತಿಂಗಳು ನೀರು ತರುತ್ತಿದ್ದಳು. ಫ್ಲೋರೈಡ್ ಒಮ್ಮೆ ಮಿತಿಯೊಳಗೆ, ಮುಂದಿನ ಸಲ ಅದರ ಎರಡರಷ್ಟು. ಎಲೆಕ್ಟ್ರೋಡ್ ಸರಿಯಿದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಧನ ಅಯಾನು, ಋಣ ಅಯಾನುಗಳ ಲೆಕ್ಕ ಶೇ 5ರೊಳಗೆ ತಾಳೆಯಾಗುತ್ತಿತ್ತು, ಅಂದರೆ ಒಟ್ಟಾರೆ ವಿಶ್ಲೇಷಣೆಯಲ್ಲಿ ದೊಡ್ಡ ದೋಷವಿಲ್ಲ. ಕೊನೆಗೆ ಉತ್ತರ ಕೊಟ್ಟವರು ಪಂಚಾಯಿತಿಯ ನೀರುಗಂಟಿ. "ಊರಾಚೆಯ ಲೈನಿಗೆ ಕರೆಂಟು ಇದ್ದಾಗ ಅಲ್ಲಿನ ಬೋರು ಹಾಕುತ್ತೇನೆ ಕಣವ್ವ. ಇಲ್ಲದಿದ್ದರೆ ಗುಡಿ ಹಿಂದಿನ ಬೋರಿನದನ್ನೇ ಟ್ಯಾಂಕಿಗೆ ಏರಿಸುತ್ತೇನೆ. ಎರಡೂ ಸೇರುವುದೂ ಉಂಟು" ಎಂದರು. ನಲ್ಲಿಗೆ ಒಂದೇ ಹೆಸರು, ನೀರು ಮಾತ್ರ ಎರಡು ಬಾವಿಗಳದ್ದು. ಅವಳ ಪ್ರಬಂಧದ ಅತ್ಯುತ್ತಮ ಅಧ್ಯಾಯ ಅಲ್ಲಿಂದ ಹುಟ್ಟಿತು: ಎರಡು ಬಾವಿಗಳ ನೀರನ್ನು ಯಾವ ಪ್ರಮಾಣದಲ್ಲಿ ಬೆರೆಸಿದರೆ ಊರಿಗೆ ವರ್ಷವಿಡೀ ಮಿತಿಯೊಳಗಿನ ನೀರು ಕೊಡಬಹುದು ಎಂಬ ಲೆಕ್ಕ. ಪ್ರಬಂಧದ ಕೃತಜ್ಞತೆಯಲ್ಲಿ ಆ ನೀರುಗಂಟಿಯವರನ್ನು ಮೊದಲು ನೆನೆಯಬೇಕೆಂದು ನಾನೇ ಹೇಳಿದೆ.

ನೀರುಗಂಟಿ, ಮೀನು ಹಿಡಿಯುವವರು, ಬಟ್ಟೆ ಒಗೆಯುವವರು, ಜಲಜೀವನ್ ಮಿಷನ್‌ನಡಿ ಪರೀಕ್ಷಾ ಕಿಟ್ ಬಳಸಲು ತರಬೇತಿ ಪಡೆದ ಊರಿನ ಮಹಿಳೆಯರು, ಇವರ ಜೊತೆ ಕೂತು ಮಾತನಾಡಿ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಹಿಂಬದಿಗೂ ಹೋಗಿ ನೋಡಿ. ಮುಂಬಾಗಿಲಲ್ಲಿ ಇಪ್ಪತ್ತು ಲೀಟರಿನ ಕ್ಯಾನುಗಳು ತುಂಬುತ್ತಿರುತ್ತವೆ, ಹಿಂದೆ ಫ್ಲೋರೈಡ್ ಮತ್ತು ಲವಣ ಗಟ್ಟಿಯಾದ ನೀರು ಪೈಪಿನಿಂದ ಚರಂಡಿಗೆ ಬೀಳುತ್ತಿರುತ್ತದೆ. ಅದು ಎಲ್ಲಿ ಇಂಗುತ್ತದೆ, ಯಾರ ಬಾವಿಗೆ ಸೇರುತ್ತದೆ ಎಂದು ಹಿಂಬಾಲಿಸಿದವರು ಬಹಳ ಕಡಿಮೆ. ಪ್ರಶ್ನೆಯಿಲ್ಲ ಎನ್ನುವವರಿಗೆ ನಾನು ಆ ಪೈಪನ್ನು ತೋರಿಸುತ್ತೇನೆ.

ಮಾರ್ಗದರ್ಶಕರನ್ನು ಆರಿಸುವುದು

ಸಂಸ್ಥೆಯ ಹೆಸರಿಗಿಂತ ಮಾರ್ಗದರ್ಶಕರು ಮುಖ್ಯ. ಪಿಎಚ್‌.ಡಿ.ಗೆ ನಿಯಮದ ಪ್ರಕಾರ ಕನಿಷ್ಠ ಮೂರು ವರ್ಷ ಬೇಕು, ಹೆಚ್ಚಿನವರಿಗೆ ಐದು ಹಿಡಿಯುತ್ತದೆ. ಅಷ್ಟು ಕಾಲ ಒಬ್ಬರ ಜೊತೆ ಕೆಲಸ ಮಾಡಬೇಕೆಂದರೆ ಮೊದಲೇ ಹೋಗಿ ನೋಡಿ. ಪ್ರಯೋಗಾಲಯದ ಫ್ರಿಜ್ ತೆರೆಯಲು ಅನುಮತಿ ಕೇಳಿ. ಒಳಗಿರುವ ಸೀಸೆಗಳ ಮೇಲೆ ತಾರೀಕು, ಸ್ಥಳ, ತಂದವರ ಹೆಸರು ಬರೆದಿದೆಯೇ? ರಾಸಾಯನಿಕಗಳ ಬಳಕೆಯ ಅವಧಿ ಮೀರಿದೆಯೇ? ಉಪಕರಣದ ಪಕ್ಕ ಕ್ಯಾಲಿಬ್ರೇಷನ್ ದಾಖಲೆಯ ಪುಸ್ತಕ ಇದೆಯೇ, ಅದರಲ್ಲಿ ಈಚಿನ ಬರಹ ಯಾವಾಗಿನದು? ಆ ನಂತರ ಅಲ್ಲಿ ಓದುತ್ತಿರುವವರನ್ನು ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಮೂರು ಮಾತು ಕೇಳಿ: ಸರ್ ಅಥವಾ ಮೇಡಂ ಕಡೆಯ ಬಾರಿ ಕ್ಷೇತ್ರಕ್ಕೆ ಬಂದದ್ದು ಯಾವಾಗ, ಕೆಟ್ಟ ಫಲಿತಾಂಶ ತೋರಿಸಿದಾಗ ಏನೆನ್ನುತ್ತಾರೆ, ರಾಸಾಯನಿಕಕ್ಕೆ ಯಾರ ದುಡ್ಡು. ಬೆಂಗಳೂರಿನ ಕೆರೆಗಳ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಶಕ್ತಿ ಮತ್ತು ಜೌಗು ಪ್ರದೇಶಗಳ ಸಂಶೋಧನಾ ತಂಡ ಇಷ್ಟು ವರ್ಷಗಳಿಂದ ಕೂಡಿಸಿಟ್ಟ ವರದಿಗಳನ್ನು ಓದಿ. ಅಂಕಿಗಳನ್ನು ಕಾಪಾಡಿಕೊಂಡು ಬರುವ ತಂಡ ಹೇಗಿರುತ್ತದೆ ಎಂಬುದು ತಿಳಿಯುತ್ತದೆ.

ಹೊರದೇಶಕ್ಕೆ ಹೋಗುವ ಆಸೆಯಿದ್ದರೆ ಹೋಗಿ. ನೆದರ್ಲೆಂಡ್ಸ್‌ನ ಡೆಲ್ಫ್ಟ್‌ನಲ್ಲಿ ನೀರಿಗಾಗಿಯೇ ಇರುವ ಸಂಸ್ಥೆ ಇದೆ, ಸ್ವಿಟ್ಜರ್ಲೆಂಡಿನ ಈವಾಗ್ ಸಂಸ್ಥೆಯೂ ಇದೇ ಕೆಲಸದ್ದು. ಯುರೋಪಿನ ಹಲವು ಕಡೆ ಪಿಎಚ್‌.ಡಿ. ಎಂದರೆ ಸಂಬಳದ ಕೆಲಸ. ಜಾಹೀರಾತು ನೋಡಿ ಅರ್ಜಿ ಹಾಕಬೇಕು. ಅರ್ಜಿಯಲ್ಲಿ ನಿಮ್ಮ ಊರಿನ ನೀರಿನ ಅಂಕಿಗಳಿರಲಿ, ಅದು ಎಷ್ಟೇ ಸಣ್ಣ ಕೆಲಸವಾದರೂ ಎದ್ದು ಕಾಣುತ್ತದೆ.

ಕೆಲಸ ಸಿಕ್ಕ ಮೇಲೆ

ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಹಾಯಕ ಪ್ರಾಧ್ಯಾಪಕರಾಗಲು ಎಂ.ಟೆಕ್. ಸಾಕಾದರೂ ಐಐಟಿ, ಎನ್‌ಐಟಿಗಳಿಗೆ ಪಿಎಚ್‌.ಡಿ. ಬೇಕೇ ಬೇಕು. ಪಾಠದ ಹೊರೆ ಹೆಚ್ಚಿರುವ ಕಾಲೇಜಾದರೆ ಸಂಶೋಧನೆ ನಿಂತೇಹೋಗುವ ಅಪಾಯವಿದೆ. ಆಗ ಪದವಿ ವಿದ್ಯಾರ್ಥಿಗಳ ಅಂತಿಮ ವರ್ಷದ ಪ್ರಾಜೆಕ್ಟ್‌ಗಳನ್ನೆಲ್ಲ ನಿಮ್ಮ ಆ ಒಂದೇ ನೀರಿಗೆ ತಿರುಗಿಸಿ. ಪ್ರತಿ ವರ್ಷದ ತಂಡ ಹಿಂದಿನ ತಂಡದ ಜಾಗಗಳಲ್ಲೇ, ಅದೇ ವಿಧಾನದಲ್ಲೇ ಅಳೆಯಲಿ. ದೊಡ್ಡ ಅನುದಾನವಿಲ್ಲದೆಯೂ ಹತ್ತು ವರ್ಷಗಳಲ್ಲಿ ಬೇರೆ ಯಾರ ಬಳಿಯೂ ಇಲ್ಲದ ಅಂಕಿ ಸಾಲು ನಿಮ್ಮ ಕೈಯಲ್ಲಿರುತ್ತದೆ. ದುಡ್ಡು ಕೊಟ್ಟರೆ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ಪತ್ರಿಕೆಗಳ ಕಡೆ ತಲೆ ಹಾಕಬೇಡಿ.

ಸಲಹಾ ಕೆಲಸವೂ ಬರುತ್ತದೆ. ಅಪಾರ್ಟ್‌ಮೆಂಟ್‌ಗಳವರು, ಕಾರ್ಖಾನೆಯವರು ತಮ್ಮ ಕೊಳಚೆ ನೀರು ಶುದ್ಧೀಕರಣ ಘಟಕದ (ಎಸ್‌ಟಿಪಿ) ನೀರಿನ ವರದಿ ಕೇಳಿಕೊಂಡು ಬರುತ್ತಾರೆ. ಅವರೇ ಸೀಸೆಯಲ್ಲಿ ತುಂಬಿ ತಂದ ನೀರಾದರೆ ‘ಮಾದರಿಯನ್ನು ತಂದವರು ಗ್ರಾಹಕರು’ ಎಂದು ವರದಿಯಲ್ಲಿ ಸ್ಪಷ್ಟವಾಗಿ ಬರೆಯಿರಿ. ಆ ಸಾಲನ್ನು ತೆಗೆದುಹಾಕಿ ಎಂದು ಯಾರು ಒತ್ತಾಯಿಸಿದರೂ ತೆಗೆಯಬೇಡಿ, ಶುಲ್ಕ ವಾಪಸು ಕೊಟ್ಟರೂ ಸರಿಯೇ. ನೀವೇ ಹಿಡಿಯದ ನೀರಿಗೆ ನೀವು ಸ್ಥಳದ ಸಾಕ್ಷಿಯಾಗಲಾರಿರಿ. ಮುಂದೆ ಎಂದಾದರೂ ನಿಮ್ಮ ಅಂಕಿ ಹಸಿರು ನ್ಯಾಯಮಂಡಳಿಯ ಮುಂದೆ ಬಂದರೆ ಮೊದಲು ಕೇಳುವುದೇ ಅದನ್ನು: ಯಾರು, ಎಲ್ಲಿ, ಎಷ್ಟು ಹೊತ್ತಿಗೆ ತೆಗೆದರು, ಅಲ್ಲಿಂದ ಪ್ರಯೋಗಾಲಯದವರೆಗೆ ಯಾರ ಕೈಯಲ್ಲಿತ್ತು.

ಇನ್ನು ಫಲಿತಾಂಶವನ್ನು ಊರಿಗೆ ಮುಟ್ಟಿಸುವುದು. ಇದನ್ನು ಯಾವ ನಿಯಮವೂ ನಿಮ್ಮಿಂದ ಕೇಳುವುದಿಲ್ಲ, ನೀವೇ ಮಾಡಬೇಕು. ಪ್ರಬಂಧ ಇಂಗ್ಲಿಷಿನಲ್ಲಿ ಅಚ್ಚಾಗುವವರೆಗೆ ಕಾಯದೆ ಕನ್ನಡದಲ್ಲಿ ಒಂದೇ ಪುಟ ಬರೆದು ಪಂಚಾಯಿತಿಗೆ ಕೊಡಿ. ಬಾವಿಯ ಗುರುತು ಜನ ಕರೆಯುವ ಹೆಸರಿನಲ್ಲಿರಲಿ, ‘ಗುಡಿ ಹಿಂದಿನ ಬೋರು’ ಎಂದೇ ಬರೆಯಿರಿ, ಬಿಡಬ್ಲ್ಯೂ–7 ಎಂದಲ್ಲ. ತೆಗೆದ ತಾರೀಕು, ಅಳೆದ ಅಂಕಿ, ಮಿತಿ, ಕುಡಿಯಬಹುದೇ ಇಲ್ಲವೇ, ಸ್ನಾನಕ್ಕೆ ದನಕರುಗಳಿಗೆ ಬಳಸಬಹುದೇ ಎಂಬುದು ಬೇರೆ ಬೇರೆ ಸಾಲಿನಲ್ಲಿರಲಿ. ಫ್ಲೋರೈಡ್ ಇರುವ ನೀರನ್ನು ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ ಎನ್ನುವುದನ್ನು ದಪ್ಪಕ್ಷರದಲ್ಲಿ ಹಾಕಿ. ಬ್ಯಾಕ್ಟೀರಿಯಾ ಸಿಕ್ಕಿದ್ದರೆ ಕುದಿಸಿ ಕುಡಿಯಿರಿ ಎಂದು ಅಷ್ಟೇ ದಪ್ಪಕ್ಷರದಲ್ಲಿ ಹಾಕಿ. ಅಂಕಿ 1.5ರ ಆಸುಪಾಸಿನಲ್ಲಿದ್ದರೆ ಇನ್ನೊಮ್ಮೆ ಮಾದರಿ ತೆಗೆಯುವ ತಾರೀಕನ್ನು ಅದೇ ಪುಟದಲ್ಲಿ ಬರೆದು, ಆ ದಿನ ತಪ್ಪದೆ ಹೋಗಿ.